ಮುಧೋಳ ನಾಯಿಯನ್ನು ಗಡಿ ದಾಟಿಸುವ ಮುನ್ನ: ಫಾರ್ವರ್ಡ್ ಹೇಳುವುದೇನು, ನಿಜ ಏನು?

"ಅಸಲಿ ಮುಧೋಳ ಮರಿ. 35 ದಿನ. ಎಲ್ಲ ಲಸಿಕೆ ಆಗಿದೆ. ಸೊಲ್ಲಾಪುರ, ಪುಣೆ, ಹೈದರಾಬಾದ್, ಎಲ್ಲಿಗಾದರೂ ಗಾಡಿಯಲ್ಲಿ ಹಾಕಿ ಕಳಿಸುತ್ತೇವೆ. ಮೊದಲು ಹಣ ಹಾಕಿ."

ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಜೊತೆಗೆ ರಟ್ಟಿನ ಡಬ್ಬಿಯಲ್ಲಿ ಕೂತ ಸಣಕಲು ಮರಿಯ ಫೋಟೊ ಇರುತ್ತದೆ. ಕೆಳಗೆ ಯಾರೋ ಒಬ್ಬರು "ದೇಸಿ ನಾಯಿ, ಎಷ್ಟು ದೂರ ಹೋದರೂ ಏನೂ ಆಗಲ್ಲ" ಎಂದು ಬರೆದಿರುತ್ತಾರೆ. ಇನ್ನೊಬ್ಬರು "ನಿದ್ದೆ ಗುಳಿಗೆ ಕೊಟ್ಟು ಕಳಿಸಿ, ಗಲಾಟೆ ಮಾಡಲ್ಲ" ಎಂದು ಸಲಹೆ ಕೊಡುತ್ತಾರೆ.

ಮುಧೋಳದಿಂದ ಮಹಾರಾಷ್ಟ್ರದ ಕಡೆ ಹೋಗುವ ಒಂದು ಮುಖ್ಯ ದಾರಿ ನಮ್ಮ ಜಿಲ್ಲೆಯಲ್ಲೇ ಇದೆ. ಜಮಖಂಡಿ, ವಿಜಯಪುರ ದಾಟಿ, ಇಂಡಿ ತಾಲ್ಲೂಕಿನ ಹೊರ್ತಿ, ಝಳಕಿ ಮೇಲೆ ಧೂಳಖೇಡಕ್ಕೆ ಬಂದರೆ ಭೀಮಾ ನದಿ. ಸೇತುವೆ ದಾಟಿದರೆ ಮಹಾರಾಷ್ಟ್ರ. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ., ಮುಧೋಳದಿಂದ ಲೆಕ್ಕ ಹಾಕಿದರೆ 200 ಕಿ.ಮೀ. ಹತ್ತಿರ. ನಾಲ್ಕು ತಾಸಿನ ಈ ಪ್ರಯಾಣದಲ್ಲಿ ನಾಯಿಗೆ ಏನಾಗುತ್ತದೆ? ಕಾನೂನು ಏನು ಹೇಳುತ್ತದೆ? ಹರಿದಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು, ಇದು ಯಾವ ನಾಯಿ?

ಮುಧೋಳ ನಾಯಿಯನ್ನು "ನಮ್ಮ ಗ್ರೇಹೌಂಡ್" ಎಂದು ಕರೆಯುವವರಿದ್ದಾರೆ. ಎರಡೂ ಒಂದೇ ತಳಿಯಲ್ಲ. ಆದರೆ ಎರಡೂ ಒಂದೇ ಗುಂಪಿಗೆ ಸೇರಿದವು. ವಾಸನೆಗಿಂತ ಕಣ್ಣನ್ನೇ ನಂಬಿ, ಕಂಡ ಬೇಟೆಯನ್ನು ಓಡಿ ಹಿಡಿಯುವ ನಾಯಿಗಳಿವು. ಉದ್ದ ಕಾಲು, ಆಳವಾದ ಎದೆಗೂಡು, ಸಣ್ಣ ನಡು, ಕಿರಿದಾದ ತಲೆ, ತೆಳು ಚರ್ಮ, ಗಿಡ್ಡ ಕೂದಲು. ಗ್ರೇಹೌಂಡ್ ಗಂಟೆಗೆ 65 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಬಲ್ಲದು, ಆದರೆ ಸ್ವಲ್ಪ ಹೊತ್ತು ಮಾತ್ರ.

ಮಹಾರಾಷ್ಟ್ರದ ಕಡೆ ಇದೇ ನಾಯಿಗೆ ಕಾರವಾನಿ ಎನ್ನುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಹೆಸರಿನಲ್ಲಿ ದಾಖಲಿಸುತ್ತದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಬೆಳೆಸಿದ್ದರಿಂದ ಮುಧೋಳದ ಹೆಸರು ನಿಂತಿತು. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ತಂದಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ಅಲ್ಲಿಂದ ಸೇನೆಗೂ ಮರಿಗಳು ಹೋಗಿವೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದ ಮೇಲೆ ಹೊರ ರಾಜ್ಯಗಳಲ್ಲೂ ಈ ತಳಿಯ ಹೆಸರು ಇನ್ನಷ್ಟು ಹರಡಿತು. ಬೇಡಿಕೆ ಇದ್ದ ಕಡೆ ಸಾಗಣೆ ಇರುತ್ತದೆ, ಸಾಗಣೆ ಇದ್ದ ಕಡೆ ಅವಸರದ ಮಾತುಗಳೂ ಇರುತ್ತವೆ.

ಮಾತು 1: "ಬಯಲುಸೀಮೆ ನಾಯಿ, ಬಿಸಿಲು ತಡೆಯುತ್ತದೆ"

ಅರ್ಧ ನಿಜ. ಈ ನಾಯಿ ನಮ್ಮ ಹವೆಗೆ ಒಗ್ಗಿದೆ. ಕುರಿಗಾಹಿಗಳು ಶತಮಾನಗಳಿಂದ ಕುರಿ ಹಿಂಡಿನ ಜೊತೆ ಇಂಥ ನಾಯಿಗಳನ್ನು ಕಟ್ಟಿಕೊಂಡು ಭೀಮಾ ನದಿಯ ಆಚೆ ಈಚೆ ತಿರುಗಿದ್ದಾರೆ. ಆದರೆ ಆ ನಾಯಿ ಹೇಗೆ ಗಡಿ ದಾಟುತ್ತಿತ್ತು ನೋಡಿ. ತನ್ನ ಕಾಲ ಮೇಲೆ ನಡೆಯುತ್ತಿತ್ತು. ಬಿಸಿಲು ಏರಿದರೆ ಜಾಲಿ ಗಿಡದ ನೆರಳು ಹುಡುಕುತ್ತಿತ್ತು. ಬಾಯಾರಿದರೆ ಹಳ್ಳದ ನೀರು ಕುಡಿಯುತ್ತಿತ್ತು. ಡಬ್ಬಿಯಲ್ಲಿ ಕೂಡಿಹಾಕಿದ ನಾಯಿಗೆ ಈ ಮೂರರಲ್ಲಿ ಒಂದೂ ಇಲ್ಲ.

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಅದೂ ಅಷ್ಟಕ್ಕಷ್ಟೆ. ಅದರ ಮೈ ತಣಿಯುವುದು ತೇಕುವುದರಿಂದ. ನಾಲಿಗೆ ಚಾಚಿ ಜೋರಾಗಿ ಉಸಿರಾಡಿದಾಗ ಬಾಯಿಯ ತೇವ ಆವಿಯಾಗಿ ಶಾಖ ಹೊರಗೆ ಹೋಗುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾಗಿ, ತೇವದಿಂದ ತುಂಬಿದ್ದರೆ ಈ ಉಪಾಯ ಸೋಲುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ, ತಾಡಪತ್ರಿ ಕಟ್ಟಿದ ಗಾಡಿಯಲ್ಲಿ, ತೂತಿಲ್ಲದ ಡಬ್ಬಿಯಲ್ಲಿ ಆಗುವುದು ಇದೇ. ನಾಯಿಯ ಉಸಿರೇ ಒಳಗಿನ ಗಾಳಿಯನ್ನು ತೇವಗೊಳಿಸುತ್ತದೆ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪಮಾನ 10 ನಿಮಿಷದಲ್ಲಿ ಸುಮಾರು 10 ಡಿಗ್ರಿ, ಅರ್ಧ ತಾಸಿನಲ್ಲಿ ಸುಮಾರು 19 ಡಿಗ್ರಿ ಏರುತ್ತದೆ. ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಾಗದು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ ಊಟ ಮುಗಿಸಿ ಬರುವಷ್ಟರಲ್ಲಿ ಒಳಗಿನ ನಾಯಿಯ ಪ್ರಾಣ ಹೋಗಬಹುದು. ನಾಯಿಯ ಸಹಜ ದೇಹತಾಪ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಅಪಾಯ.

ಬಾಯಿಗೆ ಬಿಗಿಯಾದ ಬುಟ್ಟಿ ಹಾಕಿ ಅಥವಾ ಹಗ್ಗ ಸುತ್ತಿ ಕಳಿಸುವುದು ಇನ್ನೂ ಕೆಟ್ಟದ್ದು. ಬಾಯಿ ತೆರೆಯಲಾಗದ ನಾಯಿ ತೇಕಲಾರದು. ಕಚ್ಚುವ ನಾಯಿಯಾದರೆ ಅದನ್ನು ಒಂಟಿಯಾಗಿ ಪಂಜರದಲ್ಲಿ ಇಟ್ಟು, ಬಾಯಿ ತೆರೆದು ತೇಕಲು ಜಾಗವಿರುವ ಬುಟ್ಟಿ ಹಾಕಿ, ಪಂಜರದ ಮೇಲೆ ಎಚ್ಚರಿಕೆ ಚೀಟಿ ಅಂಟಿಸಬೇಕು.

ಮಾತು 2: "ನಿದ್ದೆ ಗುಳಿಗೆ ಕೊಟ್ಟರೆ ಆರಾಮಾಗಿ ಹೋಗುತ್ತದೆ"

ಸುಳ್ಳು, ಅಪಾಯಕಾರಿ ಕೂಡ. ಮತ್ತಿನ ಔಷಧ ನಾಯಿಯ ರಕ್ತದೊತ್ತಡ ಇಳಿಸುತ್ತದೆ, ದೇಹದ ಶಾಖ ಹತೋಟಿ ತಪ್ಪಿಸುತ್ತದೆ. ಗಾಡಿ ತಿರುಗಿದಾಗ ನಾಯಿ ತನ್ನನ್ನು ಸಾವರಿಸಿಕೊಳ್ಳಲಾರದು. ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ವಿಮಾನದಲ್ಲಿ ಪ್ರಾಣಿ ಸಾಗಿಸುವ ಅಂತಾರಾಷ್ಟ್ರೀಯ ನಿಯಮಗಳೂ ಮತ್ತು ಬರಿಸುವುದನ್ನು ಬೇಡ ಎನ್ನುತ್ತವೆ.

ಈ ಗುಂಪಿನ ನಾಯಿಗಳಿಗೆ ಇನ್ನೊಂದು ತೊಂದರೆ ಇದೆ. ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಕೆಲವು ಅರಿವಳಿಕೆ ಔಷಧಗಳನ್ನು ಗ್ರೇಹೌಂಡ್‌ನ ಯಕೃತ್ತು ಬೇರೆ ನಾಯಿಗಳಿಗಿಂತ ನಿಧಾನವಾಗಿ ಕರಗಿಸುತ್ತದೆ ಎಂಬುದು ಪಶುವೈದ್ಯರಿಗೆ ದಶಕಗಳಿಂದ ಗೊತ್ತು. ಹಾಗಾಗಿ ಪಕ್ಕದ ಮನೆಯ ನಾಯಿಗೆ ಕೊಟ್ಟ ಅಳತೆ ಇದಕ್ಕೆ ಹೆಚ್ಚಾಗಬಹುದು. ಮನುಷ್ಯರ ನಿದ್ದೆ ಗುಳಿಗೆಯನ್ನಂತೂ ಮುಟ್ಟಲೇಬೇಡಿ. ನಿಜಕ್ಕೂ ಔಷಧ ಬೇಕೆನಿಸಿದರೆ ನಾಯಿಯನ್ನು ನೋಡಿ, ತೂಗಿ ಕೊಡಬೇಕಾದವರು ಪಶುವೈದ್ಯರು ಮಾತ್ರ.

ಔಷಧದ ಬದಲು ರೂಢಿ ಕೆಲಸ ಮಾಡುತ್ತದೆ. ಪ್ರಯಾಣಕ್ಕೆ ಒಂದು ವಾರ ಮೊದಲೇ ಪಂಜರವನ್ನು ಮನೆಯಲ್ಲಿ ತೆರೆದಿಡಿ. ಅದರೊಳಗೇ ಊಟ ಹಾಕಿ. ಅದು ಮಲಗುವ ಚಾದರವನ್ನೇ ಹಾಸಿ. ನಾಯಿ ತಾನಾಗಿ ಒಳಗೆ ಹೋಗಿ ಮಲಗುವಂತಾದರೆ ಅರ್ಧ ಕೆಲಸ ಮುಗಿಯಿತು.

ಮಾತು 3: "ಹೊಟ್ಟೆ ತುಂಬ ಉಣಿಸಿ ಕಳಿಸಿದರೆ ದಾರಿಯಲ್ಲಿ ಚಿಂತೆಯಿಲ್ಲ"

ತಪ್ಪು. ಹೊಟ್ಟೆ ಬಿರಿಯ ಉಂಡ ನಾಯಿ ಗಾಡಿಯಲ್ಲಿ ವಾಂತಿ ಮಾಡುತ್ತದೆ. ಆಳ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆಯ ಸಂಭವ ಹೆಚ್ಚು. ಅದಾದರೆ ಕೆಲವೇ ತಾಸಿನಲ್ಲಿ ಸಾವು. ಹಾಗೆಂದು ಹಸಿದ ಹೊಟ್ಟೆಯಲ್ಲೂ ಕಳಿಸುವಂತಿಲ್ಲ. ಹೊರಡುವ ಕನಿಷ್ಠ ಎರಡು ತಾಸು ಮೊದಲು ಹಿತಮಿತವಾಗಿ ಉಣಿಸಿ, ನೀರು ಕುಡಿಸಿ. ಹೊರಡುವ ಮುನ್ನ ಒಂದು ಸುತ್ತು ನಡೆಸಿ, ಮಲಮೂತ್ರ ಮುಗಿಸಲಿ.

ಮಾತು 4: "ಸಣ್ಣ ಮರಿ ಇದ್ದಾಗಲೇ ತಂದರೆ ಒಗ್ಗಿಕೊಳ್ಳುತ್ತದೆ"

ಇದು ಅತಿ ಹೆಚ್ಚು ಮರಿಗಳ ಜೀವ ತೆಗೆಯುವ ಮಾತು. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎಂಟು ವಾರ ಅಂದರೆ 56 ದಿನ. ಫಾರ್ವರ್ಡ್‌ನಲ್ಲಿದ್ದ 35 ದಿನದ ಮರಿಯ ಮಾರಾಟವೇ ನಿಯಮಬಾಹಿರ.

ಕಾರಣ ಸರಳ. ತಾಯಿ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಈ ವಯಸ್ಸಿನಲ್ಲಿ ಕುಗ್ಗತೊಡಗುತ್ತದೆ. ಮೊದಲ ಲಸಿಕೆ ಬೀಳುವುದು ಆರರಿಂದ ಎಂಟನೇ ವಾರದಲ್ಲಿ. ಈ ನಡುವೆ ಮರಿಯನ್ನು ತಾಯಿಯಿಂದ ಕಿತ್ತು, ಬೇರೆ ಬೇರೆ ನಾಯಿಗಳು ಕೂತೆದ್ದ ಗಾಡಿಯಲ್ಲಿ ಹಾಕಿದರೆ ಪಾರ್ವೊ ಹತ್ತುತ್ತದೆ. ಪಾರ್ವೊ ವೈರಸ್ ಗಾಡಿಯ ನೆಲದಲ್ಲಿ, ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಹತ್ತಿದ ಮೂರರಿಂದ ಏಳು ದಿನಕ್ಕೆ ವಾಂತಿ, ರಕ್ತಭೇದಿ ಶುರು. ಅಷ್ಟರಲ್ಲಿ ಮರಿ ಹೊಸ ಮನೆ ಸೇರಿರುತ್ತದೆ. ಮನೆಯವರು "ಊರು ಬದಲಾಯಿತು, ನೀರು ಹಿಡಿಸಲಿಲ್ಲ" ಅಂದುಕೊಂಡು ಮಜ್ಜಿಗೆ ಕುಡಿಸುತ್ತಾರೆ. ನೀರು ಬದಲಾಗಿದ್ದರಿಂದ ರಕ್ತಭೇದಿ ಬರುವುದಿಲ್ಲ. ಹೊಸ ಮರಿ ಊಟ ಬಿಟ್ಟು ವಾಂತಿ ಮಾಡಿದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ.

"ಎಲ್ಲ ಲಸಿಕೆ ಆಗಿದೆ" ಎಂಬ ಮಾತನ್ನು ನೀವೇ ಪರೀಕ್ಷಿಸಬಹುದು. ರೇಬಿಸ್ ಅಂದರೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಸಾಮಾನ್ಯವಾಗಿ ಕೊಡುವುದು ಮರಿಗೆ ಮೂರು ತಿಂಗಳಾದಾಗ. 35 ದಿನದ ಮರಿಗೆ ಎಲ್ಲ ಲಸಿಕೆ ಆಗಿರಲು ಸಾಧ್ಯವೇ ಇಲ್ಲ. ಹಾಗೆ ಹೇಳುವವರು ಬೇರೆ ಏನು ಹೇಳಿದರೂ ಅನುಮಾನದಿಂದಲೇ ಕೇಳಿ. ಲಸಿಕೆಯಾಗದ ಮರಿ ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ. ಸಣ್ಣ ಮರಿ ಎಂದು ಸಡಿಲ ಬಿಡಬೇಡಿ.

ಮಾತು 5: "ದೇಸಿ ತಳಿಯನ್ನು ರಾಜ್ಯದಿಂದ ಹೊರಗೆ ಒಯ್ದರೆ ಪೊಲೀಸರು ಹಿಡಿಯುತ್ತಾರೆ"

ತಪ್ಪು. ಸಾಕಿದ ನಾಯಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವುದು ಅಪರಾಧವಲ್ಲ. ಅಪರಾಧವಾಗುವುದು ಒಯ್ಯುವ ರೀತಿ. ಈ ಮಾತು ಹಬ್ಬಿಸುವ ಹೆದರಿಕೆಯೇ ಕೆಲವರನ್ನು ನಾಯಿಯನ್ನು ಮರೆಮಾಚಿ, ಚೀಲ ಮುಚ್ಚಿ ಸಾಗಿಸುವಂತೆ ಮಾಡುತ್ತದೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರಡಿ 1978ರಲ್ಲಿ ಬಂದ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ, ಬೆಕ್ಕಿಗೆ ಬೇರೆ ಅಧ್ಯಾಯವೇ ಇದೆ. ರಸ್ತೆ, ರೈಲು, ವಿಮಾನ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ಮುಖ್ಯ ಅಂಶಗಳು ಇವು:

- ಪ್ರಯಾಣಕ್ಕೆ ಯೋಗ್ಯ, ರೇಬಿಸ್ ಸೇರಿ ಅಂಟುರೋಗದ ಲಕ್ಷಣ ಇಲ್ಲ ಎಂದು ಪಶುವೈದ್ಯರು ಕೊಟ್ಟ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು.
- ದಿನ ತುಂಬುತ್ತಿರುವ ಗಬ್ಬದ ನಾಯಿಯನ್ನು ಸಾಗಿಸುವಂತಿಲ್ಲ.
- ಹಾಲು ಬಿಡದ ಮರಿಯನ್ನು ತಾಯಿಯ ಹೊರತು ಬೇರೆ ದೊಡ್ಡ ನಾಯಿಯ ಜೊತೆ ಹಾಕುವಂತಿಲ್ಲ. ಬೆದೆಗೆ ಬಂದ ಹೆಣ್ಣನ್ನು ಗಂಡಿನ ಜೊತೆ ಕಳಿಸುವಂತಿಲ್ಲ.
- ದೂರದ ಪ್ರಯಾಣದಲ್ಲಿ ಬೇಸಿಗೆಯಾದರೆ ನಾಲ್ಕು ತಾಸಿಗೊಮ್ಮೆ, ಚಳಿಗಾಲವಾದರೆ ಆರು ತಾಸಿಗೊಮ್ಮೆ ನೀರು ಕೊಡಬೇಕು.
- ದೊಡ್ಡ ನಾಯಿಗೆ 12 ತಾಸಿಗೊಮ್ಮೆ, ಮರಿಗೆ ನಾಲ್ಕು ತಾಸಿಗೊಮ್ಮೆ ಆಹಾರ ಕೊಡಬೇಕು.
- ರೈಲಿನಲ್ಲಿ ಆರು ತಾಸಿಗಿಂತ ಹೆಚ್ಚಿನ ಪ್ರಯಾಣವಾದರೆ ನೋಡಿಕೊಳ್ಳಲು ಒಬ್ಬರು ಜೊತೆಗಿರಬೇಕು.

ಅಂದರೆ "ಗಾಡಿಯಲ್ಲಿ ಹಾಕಿ ಕಳಿಸುತ್ತೇವೆ, ನೀವು ಇಳಿಸಿಕೊಳ್ಳಿ" ಎಂಬ ಪಾರ್ಸಲ್ ವ್ಯವಹಾರದಲ್ಲಿ ಈ ನಿಯಮಗಳನ್ನು ಪಾಲಿಸುವವರೇ ಇರುವುದಿಲ್ಲ. ಡ್ರೈವರ್‌ಗೆ ನಾಯಿಗೆ ನೀರು ಕುಡಿಸುವ ಹೊಣೆ ಇಲ್ಲ, ಕಳಿಸಿದವರು ಮನೆಯಲ್ಲಿದ್ದಾರೆ, ತರಿಸಿದವರು ಸೊಲ್ಲಾಪುರದಲ್ಲಿ ಕಾಯುತ್ತಿದ್ದಾರೆ.

ಶಿಕ್ಷೆ ಏನು? ನೋವಾಗುವಂತೆ ಪ್ರಾಣಿಯನ್ನು ಸಾಗಿಸಿದರೆ 1960ರ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಇವತ್ತಿಗೆ ಇದು ಚಹಾ ಖರ್ಚು. ಆದ್ದರಿಂದ ದಂಡದ ಭಯವೊಂದನ್ನೇ ನಂಬಿ ಈ ನಾಯಿಗಳು ಬದುಕಲಾರವು. ಬೇಕೆಂದೇ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿ ಐದು ವರ್ಷದವರೆಗೆ ಜೈಲು ಆಗಬಹುದು.

ಒಂದು ಮಾತು ಸೇರಿಸಬೇಕು. ಮೊಲದ ಬೇಟೆಗೆಂದು ನಾಯಿ ತರಿಸುವವರೂ ಇದ್ದಾರೆ. ಕಾಡು ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದಕ್ಕೆ ನಾಯಿಯ ಆರೋಗ್ಯ ಪ್ರಮಾಣಪತ್ರ ರಕ್ಷಣೆ ಕೊಡದು.

ಮಾತು 6: "ಐರ್ಲೆಂಡ್‌ನ ಅಸಲಿ ಗ್ರೇಹೌಂಡ್ ತರಿಸಿಕೊಡುತ್ತೇವೆ"

ಎಚ್ಚರ. ವಿದೇಶದಿಂದ ನಾಯಿ ತರಿಸಿ ಮಾರುವುದಕ್ಕೆ, ತಳಿ ಮಾಡುವುದಕ್ಕೆ ಕೇಂದ್ರದ ವಿದೇಶ ವ್ಯಾಪಾರ ಇಲಾಖೆ 2016ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿತು. ದಾಖಲೆ ಸಹಿತ ಬರುವ ಸ್ವಂತ ಸಾಕುನಾಯಿ, ಸಂಶೋಧನೆ, ರಕ್ಷಣಾ ಪಡೆ ಮತ್ತು ಪೊಲೀಸರ ಅಗತ್ಯಕ್ಕೆ ಮಾತ್ರ ದಾರಿ ಬಿಟ್ಟಿತು.

ಓಟದ ಗ್ರೇಹೌಂಡ್‌ಗಳ ವಿದೇಶ ಸಾಗಣೆ ಜಗತ್ತಿನಲ್ಲೇ ಕೆಟ್ಟ ಹೆಸರು ಪಡೆದಿದೆ. ಚೀನಾದ ಮಕಾವ್‌ನಲ್ಲಿ ಕ್ಯಾನಿಡ್ರೋಮ್ ಎಂಬ ನಾಯಿ ಓಟದ ಮೈದಾನವಿತ್ತು. ಅಲ್ಲಿಗೆ ಆಸ್ಟ್ರೇಲಿಯಾದಿಂದ ಗ್ರೇಹೌಂಡ್‌ಗಳು ಹೋಗುತ್ತಿದ್ದವು. ವಿಮಾನ ಪ್ರಯಾಣ ಮುಗಿದ ಮೇಲೂ ಅವುಗಳ ಕಷ್ಟ ಮುಗಿಯುತ್ತಿರಲಿಲ್ಲ. ಓಟದಲ್ಲಿ ಸೋತ ನಾಯಿಗೆ ಮನೆ ಸಿಗುತ್ತಿರಲಿಲ್ಲ, ತವರಿಗೆ ಮರಳುವ ದಾರಿಯೂ ಇರಲಿಲ್ಲ. ಪ್ರಾಣಿಪ್ರಿಯರ ವರ್ಷಗಳ ಹೋರಾಟದ ನಂತರ ಆ ಮೈದಾನ 2018ರ ಜುಲೈನಲ್ಲಿ ಮುಚ್ಚಿತು. ಉಳಿದಿದ್ದ 500ಕ್ಕೂ ಹೆಚ್ಚು ನಾಯಿಗಳಿಗೆ ಬೇರೆ ಬೇರೆ ದೇಶಗಳಲ್ಲಿ ಮನೆ ಹುಡುಕಬೇಕಾಯಿತು.

ನಮ್ಮ ಊರಿಗೂ ಇದು ಅನ್ವಯಿಸುತ್ತದೆ. ನಾಯಿ ಕಳಿಸುವ ಮುನ್ನ ಕೇಳಬೇಕಾದ್ದು ದಾರಿಯ ಬಗ್ಗೆ ಮಾತ್ರವಲ್ಲ. ಅಲ್ಲಿ ಅದಕ್ಕೆ ಓಡಲು ಜಾಗವಿದೆಯೇ? ಓಟ ನಿಂತ ಮೇಲೂ ಸಾಕುತ್ತಾರೆಯೇ? ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ಇಡೀ ದಿನ ಕಟ್ಟಿಹಾಕಿದರೆ ಮುಧೋಳ ನಾಯಿಗೆ ಅದೂ ಒಂದು ಪಂಜರವೇ.

ಮಾತು 7: "ಅಮೆರಿಕದ ಮಗಳಿಗೆ ಒಂದು ಮರಿ ಕಳಿಸಬಹುದು, ವಿಮಾನದಲ್ಲಿ ಒಂದೇ ದಿನ"

ಮರಿ ಆಗುವುದಿಲ್ಲ. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಹೋಗುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಚರ್ಮದಡಿ ಮೈಕ್ರೋಚಿಪ್ ಇರಬೇಕು. ರೇಬಿಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವಿದೆ. ಹಾಗಾಗಿ ಇಲ್ಲಿ ಲಸಿಕೆ ಪಡೆದ ನಾಯಿಗೆ ಹೆಚ್ಚಿನ ದಾಖಲೆ ಬೇಕು, ನಿಗದಿತ ವಿಮಾನ ನಿಲ್ದಾಣಗಳಲ್ಲಷ್ಟೇ ಇಳಿಯಬಹುದು. ರಕ್ತ ಪರೀಕ್ಷೆಯ ವರದಿ ಇಲ್ಲದಿದ್ದರೆ 28 ದಿನ ಪ್ರತ್ಯೇಕವಾಗಿ ಇರಿಸುತ್ತಾರೆ. ಯುರೋಪ್ ಮತ್ತು ಬ್ರಿಟನ್‌ಗೂ ಚಿಪ್, ಲಸಿಕೆ, ಲಸಿಕೆಯಾಗಿ 30 ದಿನದ ನಂತರ ರಕ್ತ ಪರೀಕ್ಷೆ, ಅದಾಗಿ ಮೂರು ತಿಂಗಳ ಕಾಯುವಿಕೆ ಇದೆ. ಇಲ್ಲಿಂದ ಹೊರಡುವಾಗ ಕೇಂದ್ರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರವೂ ಬೇಕು. ಬೆಂಗಳೂರು, ಮುಂಬೈ, ಹೈದರಾಬಾದ್‌ನಲ್ಲಿ ಆ ಕಚೇರಿಗಳಿವೆ. "ಒಂದೇ ದಿನ" ಅನ್ನುವ ಪ್ರಯಾಣಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು.

ಹಾಗಾದರೆ ಒಯ್ಯುವುದು ಹೇಗೆ?

ಬೇಸಿಗೆಯಲ್ಲಿ ನಸುಕಿನಲ್ಲಿ ಹೊರಡಿ, ಬಿಸಿಲೇರುವ ಮುನ್ನ ಊರು ಸೇರಿ. ಸಾಧ್ಯವಾದರೆ ಏಪ್ರಿಲ್, ಮೇ ತಿಂಗಳ ಪ್ರಯಾಣವನ್ನೇ ಮುಂದೂಡಿ.

ಪಂಜರದಲ್ಲಿ ನಾಯಿ ತಲೆ ತಾಗದಂತೆ ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಸುತ್ತಲೂ ಗಾಳಿ ಆಡಬೇಕು. ಈ ನಾಯಿಗಳ ಮೈಯಲ್ಲಿ ಮಾಂಸ ಕೊಬ್ಬು ಕಡಿಮೆ, ಮೂಳೆ ಚರ್ಮಕ್ಕೆ ತಾಗಿಕೊಂಡಂತಿರುತ್ತದೆ. ಬರೀ ತಗಡಿನ ಮೇಲೆ ಮಲಗಿಸಿದರೆ ಮೊಣಕೈ, ಸೊಂಟದ ಬಳಿ ತರಚಿ ಹುಣ್ಣಾಗುತ್ತದೆ. ದಪ್ಪ ಚಾದರ ಹಾಸಿ.

ಕೊರಳ ಪಟ್ಟಿ ಪರೀಕ್ಷಿಸಿ. ಮುಧೋಳ ನಾಯಿಯ ತಲೆ ಕೊರಳಿಗಿಂತ ಹೆಚ್ಚು ಅಗಲವಿಲ್ಲ. ಹಿಂದಕ್ಕೆ ಜಗ್ಗಿದರೆ ಸಾಧಾರಣ ಪಟ್ಟಿ ಸುಲಭವಾಗಿ ಕಳಚುತ್ತದೆ. ಹೆದ್ದಾರಿ ಬದಿ ನೀರು ಕುಡಿಸಲು ಇಳಿಸಿದಾಗ ಹಾರ್ನ್ ಸದ್ದಿಗೆ ಬೆದರಿ ಓಡಿದರೆ ಯಾರೂ ಹಿಡಿಯಲಾರರು. ಎದೆಗೂ ಸುತ್ತುವ ಪಟ್ಟಿ ಹಾಕಿ, ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಕಟ್ಟಿ, ಹಗ್ಗ ಕೈಗೆ ಸುತ್ತಿಕೊಂಡ ಮೇಲೆಯೇ ಬಾಗಿಲು ತೆರೆಯಿರಿ.

ದಾರಿಯಲ್ಲಿ ನಾಯಿ ವಿಪರೀತ ತೇಕುತ್ತಿದ್ದರೆ, ಅಂಟು ಜೊಲ್ಲು ಸುರಿಸುತ್ತಿದ್ದರೆ, ಒಸಡು ಕಡುಗೆಂಪಾಗಿದ್ದರೆ, ತೂರಾಡಿದರೆ ಅದು ಶಾಖಾಘಾತ. ತಕ್ಷಣ ನೆರಳಿಗೆ ಒಯ್ಯಿರಿ. ಮೈಮೇಲೆ, ಹೊಟ್ಟೆ ತೊಡೆಗಳ ಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಮಂಜುಗಡ್ಡೆ ಬೇಡ. ಎಚ್ಚರವಿದ್ದರೆ ಗುಟುಕು ಗುಟುಕಾಗಿ ನೀರು ಕೊಡಿ, ಬಾಯಿಗೆ ಸುರಿಯಬೇಡಿ. ಮೈ ತಣಿಸುತ್ತಲೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಪಶುಪಾಲನಾ ಇಲಾಖೆಯ ಸಹಾಯವಾಣಿ ಸಂಖ್ಯೆ 1962. ನಾಯಿ ಎದ್ದು ಕೂತರೂ ವೈದ್ಯರಿಗೆ ತೋರಿಸಿ. ಒಳಗಿನ ಅಂಗಗಳಿಗಾದ ಹಾನಿ ಮರುದಿನ ಕಾಣಿಸಿಕೊಳ್ಳಬಹುದು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

56 ದಿನ ತುಂಬದ ಮರಿ ಕೊಳ್ಳಬೇಡಿ. ಪಶುವೈದ್ಯರ ಪ್ರಮಾಣಪತ್ರ ಇಲ್ಲದೆ ಸಾಗಿಸಬೇಡಿ. ಮತ್ತಿನ ಗುಳಿಗೆ ಕೊಡಬೇಡಿ. ಬಿಸಿಲಿನಲ್ಲಿ ಮುಚ್ಚಿದ ಗಾಡಿಯಲ್ಲಿ ಒಂದು ನಿಮಿಷವೂ ಬಿಡಬೇಡಿ. ಪಾರ್ಸಲ್ ಮಾಡಿಸಬೇಡಿ, ನಾಯಿ ಬೇಕಾದವರು ತಾವೇ ಹೋಗಿ, ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಮರಿಯನ್ನು ತಮ್ಮ ಜೊತೆ ಕರೆತನ್ನಿ.

ಹೊರ್ತಿ ದಾಟಿ ಧೂಳಖೇಡದ ಸೇತುವೆಯ ಆಚೆ ನಾಯಿ ಹೋಗಬಾರದು ಎಂದು ಯಾರೂ ಹೇಳುತ್ತಿಲ್ಲ. ಅದು ಜೀವಂತವಾಗಿ, ಆರೋಗ್ಯವಾಗಿ ಆಚೆ ದಡ ಮುಟ್ಟಬೇಕು, ಅಷ್ಟೇ.